ಗೂಢಲಿಪಿಯ ಬೀಗ: ಕಟ್ಟುವುದು, ಒರೆಗೆ ಹಚ್ಚುವುದು

ಗುಟ್ಟನ್ನು ಅಕ್ಷರಗಳಲ್ಲಿ ಬಚ್ಚಿಡುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಮ್ಲೇಚ್ಛಿತವಿಕಲ್ಪವೆಂಬುದನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ್ದಾನೆ. ಸಂಕೇತ ತಿಳಿದವರ ಹೊರತು ಇತರರಿಗೆ ಅರ್ಥವಾಗದಂತೆ ಮಾತನ್ನು ಮರೆಮಾಡುವ ಕಲೆ ಅದು. ಅಂದು ದೂತರಿಗೂ ಪ್ರಣಯಿಗಳಿಗೂ ಬೇಕಾಗಿದ್ದ ಈ ವಿದ್ಯೆ, ಇಂದು ಕೊಪ್ಪಳ ಜಿಲ್ಲೆಯ ನಮ್ಮ ನವಲಿಯಂಥ ಊರಿನಲ್ಲಿಯೂ ಇಲ್ಲದೆ ಸಾಗದು. ಭತ್ತ ಮಾರಿದ ಹಣ ಗಂಗಾವತಿಯಿಂದ ಫೋನಿನ ಮೂಲಕವೇ ಖಾತೆ ಸೇರುತ್ತದೆ. ಮನೆಯ ಇ-ಸ್ವತ್ತು ಪತ್ರದ ಮೇಲೆ ಬೀಳುವುದು ಶಾಯಿಯ ಸಹಿಯಲ್ಲ, ಡಿಜಿಟಲ್ ಸಹಿ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆ ಅಂಥ ಸಹಿಗೆ ಕಾನೂನಿನ ಮನ್ನಣೆ ಕೊಟ್ಟಿದೆ. ಆ ಹಣವನ್ನೂ ಈ ಸಹಿಯನ್ನೂ ಕಾಯುತ್ತಿರುವುದು ಗೂಢಲಿಪಿಯ ಬೀಗ. ಅದನ್ನು ಮಾಡುವವರು ಯಾರು? ಸರಿಯಾಗಿದೆಯೆಂದು ನೋಡುವವರು ಯಾರು? ನಾವೇ ನೋಡಬಹುದೆ? ಇದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ತಂತ್ರಾಂಶ ಬರೆಯುವವರು ತಂತಮ್ಮ ಬೀಗಗಳನ್ನು ತಾವೇ ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಲೂಬಾರದು. ಬಲ್ಲವರು ಬರೆದಿಟ್ಟ ವಿಧಾನಗಳ ಒಂದು ಕಟ್ಟನ್ನು ಎಲ್ಲರೂ ಎರವಲು ತಂದು ಬಳಸುತ್ತಾರೆ. ಅವರ ಪರಿಭಾಷೆಯಲ್ಲಿ ಇದಕ್ಕೆ ಲೈಬ್ರರಿ ಎಂದೇ ಹೆಸರು, ಬೀರುವೂ ಇಲ್ಲ, ಪುಸ್ತಕವೂ ಇಲ್ಲದಿದ್ದರೂ! ಗೂಢಲಿಪಿಯ ಲೈಬ್ರರಿಗಳಲ್ಲಿ ಬಹು ಪ್ರಸಿದ್ಧವಾದುದು ಓಪನ್‌ಎಸ್‌ಎಸ್‌ಎಲ್. ಅದು ಈ ಹೆಸರಿನಿಂದ ಮೊದಲು ಹೊರಬಂದದ್ದು ೧೯೯೮ರ ಡಿಸೆಂಬರಿನಲ್ಲಿ. ೨೦೧೪ರಲ್ಲಿ ಗೂಗಲ್ ಸಂಸ್ಥೆಯವರು ಅದರಿಂದ ಬೋರಿಂಗ್‌ಎಸ್‌ಎಸ್‌ಎಲ್ ಎಂಬ ಕವಲನ್ನು ಒಡೆಸಿದರು. ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಫೋನು ಇದ್ದರೆ ಆ ಕವಲು ಅದರೊಳಗೆ ಕುಳಿತು ಕೆಲಸಮಾಡುತ್ತಿದೆ.

ಈ ಲೈಬ್ರರಿಯ ಮೂಲವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ತರಿಸಿಕೊಂಡು ಓದಬಹುದು, ತಿದ್ದಬಹುದು, ತಾವೇ ಕಟ್ಟಬಹುದು. ಬೀಗದ ಒಳಗಿನ ರಚನೆಯನ್ನು ಹೀಗೆ ಬೀದಿಯಲ್ಲಿ ಹರಡಿದರೆ ಕಳ್ಳನಿಗೆ ಅನುಕೂಲವಲ್ಲವೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವನ್ನು ೧೮೮೩ರಷ್ಟು ಹಿಂದೆಯೇ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬಾತನು ಕೊಟ್ಟನು. ಈತನು ಭಾಷೆ ಕಲಿಸುತ್ತಿದ್ದ ಅಧ್ಯಾಪಕ, ಅಂದರೆ ನಮ್ಮ ವೃತ್ತಿಯವನೇ ಎಂಬುದು ನನಗೊಂದು ಸಣ್ಣ ಹೆಮ್ಮೆ. ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ಗುಟ್ಟು ಉಳಿಯಬೇಕು, ಗೋಪ್ಯವಾಗಿರತಕ್ಕದ್ದು ಕೀಲಿಕೈಯೊಂದೇ ಎಂಬುದು ಅವನ ಮತ. ರಚನೆಯನ್ನು ಬಚ್ಚಿಟ್ಟು ನೆಮ್ಮದಿಯಾಗಿರುವ ಬೀಗ, ಒಬ್ಬ ಕೆಲಸದವನು ಬಾಯಿಬಿಟ್ಟ ದಿನವೇ ಹಾಳು.

ಈಗ ಕಟ್ಟುವ ಮಾತು. ತಂತ್ರಾಂಶಕ್ಕೆ ಎರಡು ರೂಪ. ಮನುಷ್ಯರು ಬರೆದು ಮನುಷ್ಯರು ಓದಬಲ್ಲ ಮೂಲಪಾಠ ಒಂದು. ಅದನ್ನು ಕಂಪೈಲರ್ ಎಂಬ ಅನುವಾದಕ ಯಂತ್ರಭಾಷೆಗೆ ತಿರುಗಿಸಿದ ಮೇಲಿನ ರೂಪ ಇನ್ನೊಂದು. ಸಾಮಾನ್ಯವಾಗಿ ನಮಗೆ ಬರುವುದು ಎರಡನೆಯದೇ. ನಂಬಿಗಸ್ಥರು ಅದನ್ನು ಕೊಟ್ಟಿದ್ದರೆ ತೊಂದರೆಯಿಲ್ಲ. ಕೊಟ್ಟವರನ್ನು ಮಾತ್ರ ನಂಬಿ ಕೂರದೆ ಮೂಲಪಾಠದಿಂದಲೇ ಕಟ್ಟಿಕೊಳ್ಳುತ್ತೇನೆ ಎನ್ನುವವನಿಗೂ ದಾರಿ ತೆರೆದಿದೆ. ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗನೊಬ್ಬನು ರಜೆಯಲ್ಲಿ ಬಂದಾಗ ಇದನ್ನು ಒಂದು ಹಳೆಯ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದನು. ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಲಿನಕ್ಸ್, ಸಿ ಭಾಷೆಯ ಕಂಪೈಲರ್, ಪರ್ಲ್, ಮತ್ತು ಮೇಕ್ ಎಂಬ ಮೇಸ್ತ್ರಿ.

ಮೂಲಪಾಠದ ಗಂಟು ಬಂದಕೂಡಲೇ ಬಿಚ್ಚಬಾರದು. ಗಂಟಿನ ಜೊತೆಗೆ ಅದರ ಹ್ಯಾಷ್ ಎಂಬ ಗುರುತನ್ನೂ ಪ್ರಕಟಿಸಿರುತ್ತಾರೆ. ಎಷ್ಟು ದೊಡ್ಡ ಬರವಣಿಗೆಯನ್ನು ಕೊಟ್ಟರೂ ಹಿಂಡಿ ಹಿಪ್ಪೆ ತೆಗೆದು ಅರುವತ್ತನಾಲ್ಕು ಚಿಹ್ನೆಗಳ ಒಂದು ಗುರುತನ್ನು ಕೊಡುವ ಲೆಕ್ಕ ಇದು. ಮೂಲದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ನಮ್ಮಲ್ಲಿ ಎಣಿಸಿದ ಗುರುತು ಪ್ರಕಟವಾದ ಗುರುತಿಗೆ ಸರಿಹೊಂದಿದರೆ ದಾರಿಯಲ್ಲಿ ಕೆಟ್ಟಿಲ್ಲವೆಂದಾಯಿತು. ಆದರೆ ಗಂಟನ್ನೇ ಬದಲಿಸಿದ ಕಳ್ಳನು ಪಕ್ಕದ ಗುರುತನ್ನೂ ಬದಲಿಸಬಲ್ಲನಷ್ಟೆ. ಅದಕ್ಕಾಗಿ ತಯಾರಿಸಿದವರ ಡಿಜಿಟಲ್ ಸಹಿಯನ್ನೂ ನೋಡಬೇಕು. ಹುಡುಗನು ಎರಡನ್ನೂ ನೋಡಿದನು.

ಆ ಮೇಲೆ ಮೂರು ಆಜ್ಞೆಗಳು. ‘ಕಾನ್ಫಿಗರ್’ ಎಂದರೆ ಈ ಯಂತ್ರ ಯಾವ ಜಾತಿಯದು, ಕಟ್ಟಡ ಎಲ್ಲಿ ಏಳಬೇಕು ಎಂದು ಗೊತ್ತುಮಾಡುವುದು. ಯಂತ್ರದಲ್ಲಿ ಮೊದಲೇ ಇರುವ ಲೈಬ್ರರಿಯನ್ನು ಇತರ ತಂತ್ರಾಂಶಗಳು ನೆಚ್ಚಿಕೊಂಡಿರುವುದರಿಂದ ಹೊಸದಕ್ಕೆ ಬೇರೆಯೇ ಜಾಗ ಕೊಡುವುದು ಲೇಸು. ‘ಮೇಕ್’ ಎಂದರೆ ಕಟ್ಟುವುದು. ಮೂರನೆಯದು ‘ಮೇಕ್ ಟೆಸ್ಟ್’. ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡದ್ದು ಅಲ್ಲಿ.

ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಅದರ ಕ್ರಮ ನೆನಪಿರಬಹುದು: ಮೊದಲು ಸೂತ್ರ, ಅನಂತರ ವೃತ್ತಿ, ಆ ಮೇಲೆ ಪ್ರಯೋಗ. ಸೂತ್ರ ಎಷ್ಟೇ ಚೆಂದವಿರಲಿ, ಪ್ರಯೋಗಕ್ಕೆ ಹೊಂದದಿದ್ದರೆ ವಿದ್ಯಾರ್ಥಿ ಒಪ್ಪನು. ಗೂಢಲಿಪಿಯಲ್ಲಿಯೂ ಹೀಗೆಯೇ ಪ್ರಯೋಗಗಳನ್ನು ಕೊಟ್ಟಿರುತ್ತಾರೆ. ಎಸ್‌ಎಚ್‌ಎ-೨೫೬ ಎಂಬ ಹ್ಯಾಷ್ ವಿಧಾನಕ್ಕೆ ಇಂಗ್ಲಿಷಿನ ಎ, ಬಿ, ಸಿ ಎಂಬ ಮೂರು ಸಣ್ಣಕ್ಷರಗಳನ್ನು ಕೊಟ್ಟರೆ ಬರುವ ಗುರುತು ‘ಬಿ ಎ ೭ ೮ ೧ ೬ ಬಿ ಎಫ್’ ಎಂದು ಮೊದಲಾಗಿ ‘ಎಫ್ ೨ ೦ ೦ ೧ ೫ ಎ ಡಿ’ ಎಂದು ಮುಗಿಯಬೇಕು. ಇದು ಅಮೆರಿಕದ ಮಾನಕ ಸಂಸ್ಥೆ ಪ್ರಕಟಿಸಿದ ಉತ್ತರ. ಅಲ್ಲಿ ಆದರೂ ಇಷ್ಟೇ, ನವಲಿಯಲ್ಲಿ ಆದರೂ ಇಷ್ಟೇ. ಒಂದು ಚಿಹ್ನೆ ಬೇರೆ ಬಂದರೆ ಕಟ್ಟಡದಲ್ಲಿ ದೋಷವುಂಟು.

ಸರಿಯಾದ ಕೀಲಿಕೈಗೆ ಬೀಗ ತೆರೆದರೆ ಸಾಲದು, ತಪ್ಪು ಕೀಲಿಕೈಗೆ ತೆರೆಯದೆಯೂ ಇರಬೇಕು. ಆದ್ದರಿಂದ ಬೇಕೆಂದೇ ಕೆಡಿಸಿದ ಸಹಿ, ಅವಧಿ ಮುಗಿದ ಪ್ರಮಾಣಪತ್ರ, ಅರ್ಧಕ್ಕೆ ತುಂಡಾದ ಸಂದೇಶ ಇವುಗಳನ್ನೂ ಕೊಟ್ಟು, ಲೈಬ್ರರಿ ಅವನ್ನು ತಿರಸ್ಕರಿಸುತ್ತದೆಯೆ ಎಂದು ನೋಡುತ್ತಾರೆ. ಪರದೆಯ ಮೇಲೆ ಸಾಲುಸಾಲಾಗಿ ‘ಓಕೆ, ಓಕೆ’ ಎಂದು ಓಡಿ, ಕೊನೆಗೆ ಎಲ್ಲ ಪರೀಕ್ಷೆಗಳೂ ತೇರ್ಗಡೆಯಾದವೆಂಬ ಸಾಲು ಬಂದಿತು. ಹುಡುಗನ ಮುಖ ಅರಳಿತು. “ಇನ್ನು ನಂಬಬಹುದಲ್ಲರೀ ಸರ್?” ಎಂದನು. ನಂಬಬಹುದು, ಆದರೆ ಎಷ್ಟು ಎಂಬುದನ್ನು ತಿಳಿದು ನಂಬಬೇಕು.

ನಮ್ಮ ಕಡೆ ಭತ್ತದ ಲೆಕ್ಕ ಎಪ್ಪತ್ತೈದು ಕಿಲೋ ಚೀಲದಲ್ಲಿ ನಡೆಯುತ್ತದೆ. ಮುದ್ರೆ ಬಿದ್ದ ಇಪ್ಪತ್ತು ಕಿಲೋ ಕಲ್ಲನ್ನು ತಕ್ಕಡಿಯ ಮೇಲಿಟ್ಟಾಗ ಇಪ್ಪತ್ತೇ ತೋರಿಸಿತು ಎನ್ನೋಣ. ಎಪ್ಪತ್ತೈದರಲ್ಲಿಯೂ ಅದು ಸತ್ಯವನ್ನೇ ಹೇಳೀತೆಂದು ಇದರಿಂದ ಸಿದ್ಧವಾಗಲಿಲ್ಲ. ಇಟ್ಟ ಕಲ್ಲಿಗೆ ಮಾತ್ರ ಸಾಕ್ಷಿ ಸಿಕ್ಕಿತು.

೨೦೧೪ರ ಏಪ್ರಿಲ್ ೭ರಂದು ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ಇಂಥದೇ. ಮಾತಿನ ಮಧ್ಯೆ ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ? ಇದ್ದರೆ ಈ ನಾಲ್ಕಕ್ಷರದ ಮಾತನ್ನು ತಿರುಗಿ ಹೇಳು’ ಎಂದು ಕೇಳುವ ಏರ್ಪಾಡು ಓಪನ್‌ಎಸ್‌ಎಸ್‌ಎಲ್‌ನಲ್ಲಿತ್ತು. ಉತ್ತರಿಸುವ ಯಂತ್ರ ಅಕ್ಷರಗಳನ್ನು ತಾನು ಎಣಿಸುತ್ತಿರಲಿಲ್ಲ. ಕೇಳಿದವನು ಹೇಳಿದ ಲೆಕ್ಕವನ್ನೇ ನಂಬುತ್ತಿತ್ತು. ಧೂರ್ತನೊಬ್ಬನು ಒಂದಕ್ಷರ ಕೊಟ್ಟು ‘ಇದು ಅರುವತ್ತನಾಲ್ಕು ಸಾವಿರ ಅಕ್ಷರದ ಮಾತು’ ಎಂದರೆ, ಆ ಬಡಪಾಯಿ ಯಂತ್ರ ತನ್ನ ಸ್ಮರಣೆಯಲ್ಲಿ ಪಕ್ಕಕ್ಕಿದ್ದ ಗುಪ್ತಪದಗಳನ್ನೋ ಕೀಲಿಕೈಯನ್ನೋ ಸೇರಿಸಿ ಅಷ್ಟನ್ನೂ ಒಪ್ಪಿಸಿಬಿಡುತ್ತಿತ್ತು. ೨೦೧೨ರ ಮಾರ್ಚಿನ ಆವೃತ್ತಿಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಇದು ತೆರೆದ ಪುಸ್ತಕದಲ್ಲಿಯೇ ಇತ್ತು. ಪರೀಕ್ಷೆಗಳು ತೇರ್ಗಡೆಯಾಗುತ್ತಲೇ ಇದ್ದವು, ಏಕೆಂದರೆ ಸುಳ್ಳು ಲೆಕ್ಕ ಹೇಳಿ ನೋಡುವ ಪರೀಕ್ಷೆ ಅವುಗಳಲ್ಲಿ ಇರಲಿಲ್ಲ. ಕೊನೆಗೆ ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಅವರೂ ಕೋಡೆನೋಮಿಕಾನ್ ಎಂಬ ಕಂಪನಿಯವರೂ ಬೇರೆಬೇರೆಯಾಗಿಯೇ ಅದನ್ನು ಪತ್ತೆಹಚ್ಚಿದರು. ಜಗತ್ತಿನ ಬ್ಯಾಂಕು ಅಂಗಡಿಗಳೆಲ್ಲ ನೆಚ್ಚಿದ್ದ ಆ ಲೈಬ್ರರಿಗೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್ ಎಂಬುದೂ ಆಗಲೇ ಹೊರಬಿದ್ದಿತು. ಎಲ್ಲರೂ ಓದಬಹುದಾದ ಗ್ರಂಥವನ್ನು ಎಲ್ಲರೂ ಓದಿರುತ್ತಾರೆಂದು ಪ್ರತಿಯೊಬ್ಬನೂ ತಿಳಿದಿದ್ದನು! ಪಂಡಿತವರ್ಗಕ್ಕೂ ಈ ಕಾಯಿಲೆ ಹೊಸದಲ್ಲ.

ಇದು ಅಜಾಗರೂಕತೆಯ ಫಲ. ೨೦೨೪ರದು ಹಾಗಲ್ಲ, ಅದು ಬೇಕೆಂದೇ ಮಾಡಿದ ಪ್ರಕ್ಷಿಪ್ತ. ಹಳೆಯ ಕಾವ್ಯಗಳ ಓಲೆಪ್ರತಿಗಳಲ್ಲಿ ಯಾರೋ ನಡುವೆ ತೂರಿಸಿದ ಪದ್ಯಗಳಿರುತ್ತವೆ. ನಾಲ್ಕಾರು ಪ್ರತಿಗಳನ್ನು ಹೋಲಿಸಿದರಷ್ಟೇ ಅವು ಸಿಕ್ಕಿಬೀಳುತ್ತವೆ. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯೊಂದಿದೆ. ಅದು ಸ್ವತಃ ಗೂಢಲಿಪಿಯದಲ್ಲ. ಆದರೆ ದೂರದ ಯಂತ್ರಗಳನ್ನು ನಡೆಸುವವರು ಬಳಸುವ ಎಸ್‌ಎಸ್‌ಎಚ್ ಎಂಬ ಬಾಗಿಲಿಗೆ ಕೆಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು ಹೊಂದಿಕೊಂಡಿತ್ತು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ವ್ಯಕ್ತಿ ಎರಡು ವರ್ಷಕ್ಕೂ ಮಿಕ್ಕಿ ಸೇವೆ ಸಲ್ಲಿಸಿ ವಿಶ್ವಾಸ ಗಳಿಸಿ, ೫.೬.೦ ಮತ್ತು ೫.೬.೧ ಎಂಬ ಆವೃತ್ತಿಗಳಲ್ಲಿ ಕಳ್ಳಬಾಗಿಲನ್ನು ಸೇರಿಸಿದನು. ಸೇರಿಸಿದ್ದು ಎಲ್ಲಿ? ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ! ಪರೀಕ್ಷೆಗಾಗಿ ಬೇಕೆಂದೇ ಕೆಡಿಸಿದ ಕಡತ ಗೋಜಲಾಗಿದ್ದರೆ ಯಾರು ಸಂಶಯಪಟ್ಟಾರು? ಅದನ್ನು ಹೊರತೆಗೆಯುವ ಆಜ್ಞೆ, ಎಲ್ಲರೂ ನೋಡುವ ಮೂಲಸಂಗ್ರಹದಲ್ಲಿ ಇರಲಿಲ್ಲ. ಕಟ್ಟುವವರಿಗೆಂದು ಹಂಚಿದ ಗಂಟಿನಲ್ಲಿ ಮಾತ್ರ ಇತ್ತು. ಕಟ್ಟುವಾಗಲೇ ಕಳ್ಳನು ಒಳಸೇರುತ್ತಿದ್ದನು. ಗಂಟಿನ ಮೇಲಿದ್ದ ಸಹಿಯಾದರೂ ಸರಿಯಾದುದೇ, ಸಹಿಹಾಕುವ ಅಧಿಕಾರವೇ ಅವನ ಕೈಗೆ ಬಂದಿತ್ತಲ್ಲ!

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಬೇರೊಂದು ಕೆಲಸದಲ್ಲಿದ್ದಾಗ ಎಸ್‌ಎಸ್‌ಎಚ್ ಬಾಗಿಲು ತೆರೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಅವರಿಗೆ ತೋರಿತು. ಇರಲಿ ಎಂದು ಬಿಡದೆ ಬೆನ್ನುಹತ್ತಿ, ೨೦೨೪ರ ಮಾರ್ಚ್ ೨೯ರಂದು ಜಗತ್ತಿಗೆ ಸಾರಿದರು. ಆ ಆವೃತ್ತಿಗಳು ಬಹುಪಾಲು ಯಂತ್ರಗಳಿಗೆ ಇನ್ನೂ ತಲುಪಿರಲಿಲ್ಲ. ಮೂಲಪಾಠ ತೆರೆದಿದ್ದುದರಿಂದಲೇ ಆ ಅರ್ಧ ಸೆಕೆಂಡಿನ ಜಾಡು ಹಿಡಿದು ಹಂಚಿದ ಗಂಟಿಗೂ ಮೂಲಸಂಗ್ರಹಕ್ಕೂ ಇದ್ದ ಪಾಠಾಂತರದವರೆಗೆ ಹೋಗುವುದು ಅವರಿಗೆ ಸಾಧ್ಯವಾಯಿತು. ಯಂತ್ರಭಾಷೆಯ ಗಂಟಷ್ಟೇ ಕೈಯಲ್ಲಿದ್ದರೆ ಏನನ್ನು ಯಾವುದರೊಡನೆ ಹೋಲಿಸುವುದು?

ಇದರಿಂದ ಹುಟ್ಟಿದ ಎಚ್ಚರಿಕೆಯೆಂದರೆ, ಒಂದೇ ಮೂಲಪಾಠವನ್ನು ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ಜನ ಕಟ್ಟಿ, ಬಂದ ಫಲ ಅಕ್ಷರಶಃ ಒಂದೇ ಇದೆಯೆ ಎಂದು ಹ್ಯಾಷ್ ಹೋಲಿಸುವ ಪದ್ಧತಿಗೆ ಹೆಚ್ಚಿನ ಬೆಲೆ ಬಂದಿದೆ. ಡೆಬಿಯನ್ ಮೊದಲಾದ ಸಂಘಗಳು ಅದನ್ನು ಮೊದಲಿನಿಂದಲೂ ನಡೆಸಿಕೊಂಡು ಬರುತ್ತಿವೆ. ಗಂಟನ್ನು ಮೂಲಸಂಗ್ರಹದೊಡನೆ ಸಾಲುಸಾಲಾಗಿ ಹೋಲಿಸುವುದು ಇದರ ಜೊತೆಗೆ ಆಗಬೇಕಾದ ಇನ್ನೊಂದು ಕೆಲಸ. ನಮ್ಮ ಹುಡುಗನು ಮರುದಿನ ಮಾಡಿದ್ದು ಆ ಹೋಲಿಕೆಯನ್ನೇ. ಮಧ್ಯಾಹ್ನದವರೆಗೆ ಕುಳಿತು ಸಿಕ್ಕಿದ ವ್ಯತ್ಯಾಸಗಳಿಗೆಲ್ಲ ಒಂದೊಂದಾಗಿ ಕಾರಣ ಹುಡುಕಿ ಟಿಪ್ಪಣಿಮಾಡಿಕೊಂಡ ಮೇಲೆಯೇ ಅವನು ‘ಮೇಕ್ ಇನ್‌ಸ್ಟಾಲ್’ ಎಂದು ಬರೆದದ್ದು.