ಎರಡು ವೇವರ್, ಒಂದೇ ಉಚ್ಚಾರ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ‘ವೇವರ್’ ಅಂದರೆ ರೈತನಿಗೆ ನೆನಪಾಗುವುದು ಸಾಲಮನ್ನಾ. ಅದೇ ಮನೆಯ ಕಾಲೇಜು ಹುಡುಗನಿಗೆ ಇಂಗ್ಲಿಷ್ ಪಾಠದಲ್ಲಿ ಸಿಗುವ ‘ವೇವರ್’ಗೆ ಹೊಯ್ದಾಡು, ಹಿಂದೆಮುಂದೆ ನೋಡು ಎಂಬ ಅರ್ಥ. ಸದ್ದು ಒಂದೇ ಆದ್ದರಿಂದ ಎರಡೂ ಒಂದೇ ಪದ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಹೊಯ್ದಾಡುವ ವೇವರ್‌ನ ಸ್ಪೆಲಿಂಗ್ ಡಬ್ಲ್ಯು, ಎ, ವಿ, ಇ, ಆರ್. ಮನ್ನಾದ ವೇವರ್‌ನಲ್ಲಿ ಎ ಆದಮೇಲೆ ಒಂದು ಐ ಬರುತ್ತದೆ.

ತಪ್ಪು ಕಲ್ಪನೆ: ಹೊಯ್ದಾಡುವ ವೇವರ್ ಹುಟ್ಟಿದ್ದು ಕಡಲಿನ ಅಲೆಯ ಹೆಸರಿನಿಂದ.

ಸತ್ಯ: ‘ನಿರ್ಧಾರಕ್ಕೆ ಬಾರದಿರು’ ಎಂಬ ಅರ್ಥದಲ್ಲಿ ಈ ಪದ 13ನೇ ಶತಮಾನದ ಕೊನೆಗಾಗಲೇ ಬಳಕೆಯಲ್ಲಿತ್ತು. ಕಡಲಿನ ಅಲೆಗೆ ‘ವೇವ್’ ಎಂಬ ಹೆಸರು ಇಂಗ್ಲಿಷಿನಲ್ಲಿ ನಿಂತದ್ದು 16ನೇ ಶತಮಾನದಲ್ಲಿ. ಹೊಯ್ದಾಡುವ ವೇವರ್‌ನ ಹಳೆಯ ನಂಟ ಕೈ ಬೀಸುವ ‘ವೇವ್’ ಕ್ರಿಯಾಪದ. ಚಂಚಲ ಎಂಬರ್ಥದ ಹಳೆಯ ಇಂಗ್ಲಿಷ್ ಪದವೊಂದು, ಸುಳಿದಾಡು ಎಂಬರ್ಥದ ಹಳೆಯ ನಾರ್ಸ್ ಪದವೊಂದು ಇದರ ಬಳಗದವು. ನಮ್ಮಲ್ಲೂ ಗಾಳಿಗೆ ದೀಪ ಹೊಯ್ದಾಡುತ್ತದೆ, ಮನಸ್ಸೂ ಹೊಯ್ದಾಡುತ್ತದೆ. ಇಂಗ್ಲಿಷ್ ಪದವೂ ಈ ಎರಡಕ್ಕೂ ಸಲ್ಲುತ್ತದೆ.

ಮನ್ನಾದ ವೇವರ್ ಕೋರ್ಟಿನ ಕೂಸು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ನಡೆದ ಫ್ರೆಂಚ್ ಮಾತಿನಿಂದ ಉಳಿದದ್ದು, ಅರ್ಥ ‘ಬಿಟ್ಟುಕೊಡುವುದು’. ಟೀಚರ್, ಡ್ರೈವರ್‌ಗಳಂತೆ ಕೊನೆಯ ‘ಅರ್’ ನೋಡಿ ಇದು ಮನ್ನಾ ಮಾಡುವವನ ಹೆಸರು ಎಂದುಕೊಳ್ಳಬಾರದು. ಡಿನ್ನರ್, ಸಪ್ಪರ್‌ಗಳಲ್ಲಿ ಇರುವಂತೆ ಅದು ಫ್ರೆಂಚ್ ಕ್ರಿಯಾಪದದ ಬಾಲ.

ತಪ್ಪು ಕಲ್ಪನೆ: ವೇವರ್ ಘೋಷಣೆಯಾದ ದಿನವೇ ಸಾಲ ತೀರಿತು.

ಸತ್ಯ: ನಮ್ಮ ಜನಕ್ಕೆ ನಿಜವಾಗಿ ಪೆಟ್ಟು ಕೊಡುವ ತಪ್ಪು ಇದೇ. ಕಾನೂನಿನಲ್ಲಿ ವೇವರ್ ಎಂದರೆ ಹಕ್ಕಿದ್ದವನು ತಾನಾಗಿ ಆ ಹಕ್ಕನ್ನು ಬಿಡುವುದು. ಸಾಲಮನ್ನಾದಲ್ಲಿ ಬ್ಯಾಂಕು ತನ್ನ ಹಣ ಬಿಟ್ಟುಬಿಡುವುದಿಲ್ಲ, ರೈತನ ಪರವಾಗಿ ಸರ್ಕಾರ ತುಂಬಿಕೊಡುತ್ತದೆ. ಆ ಹಣ ಖಾತೆಗೆ ಜಮಾ ಆಗುವವರೆಗೆ ಪುಸ್ತಕದಲ್ಲಿ ಬಾಕಿ ಬಾಕಿಯೇ. ಷರತ್ತುಗಳೂ ಇರುತ್ತವೆ. 2008ರ ಕೇಂದ್ರದ ಯೋಜನೆಯಲ್ಲಿ 2 ಹೆಕ್ಟೇರ್‌ವರೆಗಿನ ಹಿಡುವಳಿದಾರರಿಗೆ ಪೂರ್ತಿ ಮನ್ನಾ ಇತ್ತು. ಉಳಿದವರು ಶೇ 75 ಕಟ್ಟಿದರೆ ಮಾತ್ರ ಶೇ 25ರ ರಿಯಾಯಿತಿ. ಯೋಜನೆಯ ಹೆಸರಲ್ಲೇ ವೇವರ್ ಮತ್ತು ರಿಲೀಫ್ ಬೇರೆಬೇರೆಯಾಗಿ ಇದ್ದದ್ದು ಈ ಕಾರಣಕ್ಕೆ. 2018ರ ಜುಲೈನ ರಾಜ್ಯ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಘೋಷಿಸಿದ ಮನ್ನಾ 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಬೆಳೆಸಾಲಕ್ಕೆ, 2 ಲಕ್ಷದ ಮಿತಿಯೊಂದಿಗೆ. ಟ್ರ್ಯಾಕ್ಟರಿಗೆ ಮಾಡಿದ ಸಾಲ ಬೆಳೆಸಾಲವಲ್ಲ. ಹೆಸರು ಕೇಳಿ ಎಲ್ಲ ಸಾಲವೂ ಹೋಯಿತೆಂದು ಸುಮ್ಮನಿದ್ದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಹಾಗಾಗಿ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ‘ವೇವರ್ ಆಗಿದೆ’ ಎಂದು ಬಾಯಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ಬೇಬಾಕಿ ಪತ್ರ ಕೇಳಿ ಪಡೆಯಿರಿ. ಉತಾರ ತೆಗೆಸಿ, 11ನೇ ಕಾಲಂನಲ್ಲಿ ಬೋಜಾ ಕಡಿಮೆಯಾಗಿದೆಯೇ ನೋಡಿಕೊಳ್ಳಿ.