ಕೆಂಪು, ಹಳದಿ, ಹಸುರು

ನಾಲ್ಕು ದಾರಿಗಳು ಕೂಡುವಲ್ಲಿ ಕೆಂಪು ದೀಪವನ್ನು ಕಂಡು ನಿಲ್ಲುವ ನಾವು, ಅದು ಯಾರ ಅಪ್ಪಣೆಯಂತೆ ಹತ್ತಿ ಆರುತ್ತದೆಂದು ವಿಚಾರಿಸುವುದು ಅಪರೂಪ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನಿಲ್ಲಿಸಿದ ದೀಪಸ್ತಂಭ ಗ್ಯಾಸಿನಿಂದ ಉರಿಯುತ್ತಿತ್ತು. ಅದನ್ನು ಕೈಯಿಂದ ನಡೆಸಲು ಪೋಲೀಸಿನವನು ಪಕ್ಕದಲ್ಲಿಯೇ ಇರಬೇಕಾಗಿತ್ತು. ಮರುತಿಂಗಳೇ ಗ್ಯಾಸು ಸಿಡಿದು ಪೋಲೀಸಿನವನೊಬ್ಬ ಗಾಯಗೊಂಡನು. ಅಂದು ಅವನು ಮಾಡುತ್ತಿದ್ದ ಕೆಲಸವನ್ನು ಇಂದು ಅಂಗೈಯಲ್ಲಿ ಅಡಗುವ ಹಲಗೆಯೊಂದು ಮಾಡಬಲ್ಲುದು. ಅದರ ಒಂದು ಮಾದರಿಯನ್ನು ಮನೆಯಲ್ಲಿಯೇ ಕಟ್ಟುವುದು ಹೇಗೆಂಬುದೇ ಈ ಲೇಖನದ ವಿಷಯ.

ಈ ಹಲಗೆಯ ಹೆಸರು ಆರ್ಡುಯಿನೊ. 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ವಿದ್ಯಾಲಯವೊಂದರಲ್ಲಿ, ವಿದ್ಯುಚ್ಛಾಸ್ತ್ರವನ್ನು ಓದದ ವಿದ್ಯಾರ್ಥಿಗಳಿಗೂ ಎಟುಕಲೆಂದು ಇದನ್ನು ರೂಪಿಸಿದರು. 1002ರಲ್ಲಿ ಇಟಲಿಯ ದೊರೆಯಾದ ಆರ್ಡುಯಿನ್ ಎಂಬವನ ಹೆಸರು ಆ ಊರಿನ ಪಾನಗೃಹವೊಂದಕ್ಕಿತ್ತು. ಅಲ್ಲಿಂದ ಅದು ಹಲಗೆಗೆ ಬಂದಿತು. ಚರಿತ್ರೆಯ ವಿದ್ಯಾರ್ಥಿಗಳು ಸಂಕೋಚಪಡಬೇಕಾದ ಕಾರಣವಿಲ್ಲ!

ಬೇಕಾದ ಸಾಮಗ್ರಿ ಸ್ವಲ್ಪವೇ: ಆರ್ಡುಯಿನೊ ಊನೊ ಹಲಗೆ, ತಂತಿ ಚುಚ್ಚುವ ಬ್ರೆಡ್‌ಬೋರ್ಡ್, ಎರಡೆರಡು ಕೆಂಪು, ಹಳದಿ, ಹಸುರು ಎಲ್.ಇ.ಡಿ. ದೀಪಗಳು, 220 ಓಮಿನ ಆರು ರೆಸಿಸ್ಟರುಗಳು, ಒಂದು ಒತ್ತುಗುಂಡಿ. ದೀಪದ ಉದ್ದನೆಯ ಕಾಲು ಧನ, ಗಿಡ್ಡನೆಯದು ಋಣ. ಪ್ರತಿ ದೀಪಕ್ಕೂ ಒಂದೊಂದು ರೆಸಿಸ್ಟರ್ ಏಕೆ? ಹಲಗೆ ಕೊಡುವುದು 5 ವೋಲ್ಟ್. ಕೆಂಪು ದೀಪ ಬಳಸುವುದು ಸುಮಾರು 2. ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರ್. ಇಷ್ಟನ್ನು ದೀಪವೂ ತಾಳುವುದು, ಹಲಗೆಯೂ ತಾಳುವುದು. ರೆಸಿಸ್ಟರನ್ನು ಬಿಟ್ಟರೆ ಎರಡಕ್ಕೂ ಅಪಾಯ.

ಪೂರ್ವ-ಪಶ್ಚಿಮದ ಮೂರು ದೀಪಗಳನ್ನು 2, 3, 4ನೆಯ ಪಿನ್ನುಗಳಿಗೂ, ಉತ್ತರ-ದಕ್ಷಿಣದ ಮೂರನ್ನು 5, 6, 7ನೆಯವಕ್ಕೂ ಸೇರಿಸಬೇಕು. ಇನ್ನು ಆಜ್ಞೆಗಳು. ಇವನ್ನು ಕಂಪ್ಯೂಟರಿನಲ್ಲಿ ಬರೆದು ಯು.ಎಸ್.ಬಿ. ತಂತಿಯ ಮೂಲಕ ಹಲಗೆಗೆ ಕಳುಹಿಸುವರು. ಅವುಗಳಲ್ಲಿ ಎರಡು ಭಾಗ: 'ಸೆಟಪ್' ಎಂಬುದು ಆರಂಭದಲ್ಲಿ ಒಮ್ಮೆ ನಡೆಯುವುದು, 'ಲೂಪ್' ಎಂಬುದು ರಾಟೆಯಂತೆ ಸುತ್ತುತ್ತಲೇ ಇರುವುದು. ಸೆಟಪ್ಪಿನಲ್ಲಿ ಎರಡು ಕಡೆಗೂ ಕೆಂಪನ್ನು ಹತ್ತಿಸುವುದು ಕ್ಷೇಮ.

ಲೂಪಿನ ಕ್ರಮ ಹೀಗೆ: ಒಂದು ಕಡೆ ಹಸುರು 10 ಸೆಕೆಂಡು, ಹಳದಿ 3 ಸೆಕೆಂಡು, ಬಳಿಕ ಎರಡು ಕಡೆಗೂ ಕೆಂಪು 1 ಸೆಕೆಂಡು, ಅನಂತರ ಇನ್ನೊಂದು ಕಡೆಗೆ ಇದೇ ಸರದಿ. ಒಟ್ಟು ಸುತ್ತು 28 ಸೆಕೆಂಡು. ಎಲ್ಲ ಕಡೆ ಕೆಂಪಾಗಿರುವ ಆ ಒಂದು ಸೆಕೆಂಡು ವ್ಯರ್ಥವೆಂದು ತೋರಬಹುದು. ಆದರೆ ಹಳದಿಯ ಕೊನೆಯಲ್ಲಿ ಒಳಹೊಕ್ಕ ಬಂಡಿ ದಾಟಿಹೋಗಲು ಬೇಕಾದ ಅವಕಾಶವೇ ಅದು. ಹಸುರನ್ನು ಆರಿಸುವ ಒಂದು ಸಾಲನ್ನು ಮರೆತರೆ ಎರಡು ಕಡೆಗೂ ಹಸುರು ಬೆಳಗುವುದು, ಯಂತ್ರ ಆಕ್ಷೇಪಿಸುವುದಿಲ್ಲ. ಅದಕ್ಕೆ ಆಜ್ಞೆ ತಿಳಿಯುವುದೇ ಹೊರತು ಅಭಿಪ್ರಾಯ ತಿಳಿಯದು. ಆದುದರಿಂದಲೇ ನಿಜವಾದ ರಸ್ತೆಗಳ ಅನೇಕ ನಿಯಂತ್ರಕಗಳಲ್ಲಿ, ಇಂಥ ವಿರೋಧವನ್ನು ಕಂಡೊಡನೆ ದೀಪಗಳನ್ನು ಮಿನುಗುವ ಸ್ಥಿತಿಗೆ ತರುವ ಬೇರೊಂದು ಕಾವಲು ಸಾಧನ ಇರುತ್ತದೆ.

ನಾನು ಎಡವಿದ್ದು ಪಾದಚಾರಿಯ ಗುಂಡಿಯಲ್ಲಿ. ಗೆಳೆಯರ ಮುಂದೆ ಅದನ್ನು ಒತ್ತಿದೆ. ದೀಪಗಳು ತಮ್ಮ ಪಾಡಿಗೆ ತಾವು ನಡೆದವು. ಗುಂಡಿ ಕೆಟ್ಟಿದೆಯೆಂದು ಎರಡು ಬಾರಿ ಬದಲಾಯಿಸಿದೆ. ಕೆಟ್ಟಿದ್ದು ಗುಂಡಿಯಲ್ಲ, ನನ್ನ ಬರಹ. 'ಡಿಲೇ' ಎಂಬ ಆಜ್ಞೆಯಿಂದ ಹತ್ತು ಸೆಕೆಂಡು ಕಾಯೆಂದರೆ, ಆ ಹತ್ತು ಸೆಕೆಂಡೂ ಲೂಪು ಮುಂದುವರಿಯದು. ಗುಂಡಿಯನ್ನು ನೋಡುವ ಸಾಲಿನ ಸರದಿಯೇ ಬಾರದು. ನಡುವೆ ಯಾರು ಒತ್ತಿದರೂ ಆ ಕರೆ ಕೇಳಿಸದು. ಇದಕ್ಕೆ ಪರಿಹಾರ 'ಮಿಲಿಸ್' ಎಂಬ ಗಡಿಯಾರ. ದೀಪ ಹತ್ತಿದ ಹೊತ್ತನ್ನು ಗುರುತಿಟ್ಟುಕೊಂಡು, ಪ್ರತಿ ಸುತ್ತಿನಲ್ಲಿಯೂ ಎಷ್ಟು ಕಾಲ ಕಳೆಯಿತೆಂದು ಲೆಕ್ಕ ನೋಡುತ್ತ, ಗುಂಡಿಯನ್ನೂ ವಿಚಾರಿಸುತ್ತಿರಬೇಕು. ಒತ್ತಿದ್ದರೆ ಅದನ್ನು ನೆನಪಿನಲ್ಲಿಟ್ಟು, ಮುಂದಿನ ಸರ್ವ ಕೆಂಪಿನ ವೇಳೆಯನ್ನು ಪಾದಚಾರಿಗಾಗಿ ಹಿಗ್ಗಿಸಬೇಕು.

ಎಷ್ಟು ಹಿಗ್ಗಿಸಬೇಕು? ರಸ್ತೆ 12 ಮೀಟರ್ ಅಗಲವೆನ್ನಿ. ಸೆಕೆಂಡಿಗೆ 1.2 ಮೀಟರ್ ನಡೆಯುವ ಯುವಕನಿಗೆ 10 ಸೆಕೆಂಡು ಸಾಕು, 0.8 ಮೀಟರ್ ನಡೆಯುವ ಅಜ್ಜಿಗೆ 15 ಬೇಕು. ಮೊದಲು ನಾನು ಬರೆದದ್ದು ಹತ್ತು. ನನ್ನ ಲೆಕ್ಕದಂತೆ ಅಜ್ಜಿ 8 ಮೀಟರ್ ನಡೆದಿರುವಾಗಲೇ ಬಂಡಿಗಳಿಗೆ ಹಸುರು ಬೀಳುತ್ತಿತ್ತು. ಆ ಸಂಖ್ಯೆಯನ್ನು ಹದಿನೈದೆಂದು ತಿದ್ದಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ತಿದ್ದಬೇಕೆಂದು ಹೊಳೆಯುವುದಕ್ಕೆ, ದಾಟುವವರು ಯಾರೆಂಬುದನ್ನು ಒಮ್ಮೆ ರಸ್ತೆಯಲ್ಲಿ ನಿಂತು ನೋಡಬೇಕಾಯಿತು.