ಪುಟ್ಟ ಕೋತಿಗಾಗಿ ರೈತರು ಬೆಳೆಸಿದ ಕಾಡು

ಬೇಲಿ ಹಾಕಿ ಕಾವಲು ಇರಿಸಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಅದರ ಅಂಚಿನಲ್ಲಿ ಬದುಕುವ ಕೃಷಿಕ ಕುಟುಂಬಗಳ ಒಪ್ಪಿಗೆಯೂ ದುಡಿಮೆಯೂ ಅಷ್ಟೇ ಅಗತ್ಯ. ಬ್ರೆಜಿಲ್ ದೇಶದಲ್ಲಿ ವಿನಾಶದ ಅಂಚಿಗೆ ಸರಿದಿದ್ದ ಪುಟ್ಟ ಕೋತಿಯೊಂದು ಚೇತರಿಸಿಕೊಂಡ ಬಗೆ ಇದಕ್ಕೆ ಸಾಕ್ಷಿಯಾಗಿದೆ.

ಮುಖದ ಸುತ್ತ ಸಿಂಹದ ಕೇಸರದಂತೆ ಹೊಂಬಣ್ಣದ ಕೂದಲಿರುವ ಈ ಪ್ರಾಣಿಗೆ ‘ಗೋಲ್ಡನ್ ಲಯನ್ ಟ್ಯಾಮರಿನ್’ ಎಂದು ಹೆಸರು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ರಿಯೊ ಡಿ ಜನೈರೊ ರಾಜ್ಯದ ಕರಾವಳಿ ಕಾಡುಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಅರಣ್ಯದಲ್ಲಿಯೂ ಇದರ ನೆಲೆಯಿಲ್ಲ. ಕಬ್ಬು, ಕಾಫಿ, ಹುಲ್ಲುಗಾವಲು ಹಾಗೂ ಇದ್ದಿಲಿಗಾಗಿ ಅಲ್ಲಿನ ಕಾಡನ್ನು ಕಡಿದುದರ ಫಲವಾಗಿ 1970ರ ದಶಕದ ಆರಂಭಕ್ಕೆ ಉಳಿದವು ಸುಮಾರು 200 ಮಾತ್ರ. ವಿಜ್ಞಾನಿ ಅಡೆಲ್ಮಾರ್ ಕೋಯಿಂಬ್ರಾ ಫಿಲ್ಹೊ ಅವರ ಅವಿರತ ಯತ್ನದಿಂದ 1974ರಲ್ಲಿ ಪೋಸೊ ದಾಸ್ ಆಂಟಾಸ್ ಎಂಬ ರಕ್ಷಿತಾರಣ್ಯ ಸ್ಥಾಪನೆಯಾಯಿತು.

ಆದರೆ ಒಂದೇ ರಕ್ಷಿತಾರಣ್ಯ ಸಾಲದಾಯಿತು. ಉಳಿದ ಕಾಡುಗಳೆಲ್ಲ ಹೆಚ್ಚಾಗಿ ಖಾಸಗಿ ಜಮೀನುಗಳಲ್ಲಿ ತುಂಡು ತುಂಡಾಗಿದ್ದವು. 1984ರಿಂದ ವಿವಿಧ ದೇಶಗಳ ಮೃಗಾಲಯಗಳಲ್ಲಿ ಹುಟ್ಟಿದ ಸುಮಾರು 150 ಕೋತಿಗಳನ್ನು ಮರಳಿ ಕಾಡಿಗೆ ಬಿಡಲು ಮುಂದಾದಾಗ, ತಮ್ಮ ಜಮೀನಿನ ಕಾಡುಗಳಲ್ಲಿ ಅವುಗಳಿಗೆ ಆಶ್ರಯ ನೀಡಲು ಹಲವು ಭೂಮಾಲೀಕರು ಸಮ್ಮತಿಸಿದರು. ಇಂದಿನ ಕಾಡುಕೋತಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅವುಗಳ ಸಂತತಿಯೇ.

ಮುಂದಿನ ಕೆಲಸ ಚೂರಾದ ಕಾಡುಗಳನ್ನು ಬೆಸೆಯುವುದು. ಮರದಿಂದ ಮರಕ್ಕೆ ಸಾಗುವ ಈ ಕೋತಿ ಬಯಲನ್ನು ದಾಟಲು ಹಿಂಜರಿಯುತ್ತದೆ. ಒಂದೇ ತುಣುಕಿನಲ್ಲಿ ಸಿಲುಕಿದ ಗುಂಪುಗಳಲ್ಲಿ ರಕ್ತಸಂಬಂಧಿಗಳೇ ಕೂಡುವುದರಿಂದ ಸಂತತಿ ದುರ್ಬಲಗೊಳ್ಳುತ್ತದೆ. ಆದ್ದರಿಂದ 1992ರಲ್ಲಿ ಸ್ಥಾಪಿತವಾದ ಈ ಕೋತಿಯ ಹೆಸರಿನದೇ ಸಂಘವು ರೈತರ ಹೊಲಗಳ ನಡುವೆ ದೇಶೀ ಮರಗಳ ಸಾಲುಗಳನ್ನು ಬೆಳೆಸುವ ಕಾರ್ಯವನ್ನು ಕೈಗೊಂಡಿತು. ಸ್ಥಳೀಯ ಕುಟುಂಬಗಳು ಸಸಿಗಳನ್ನು ಬೆಳೆಸಿ ಮಾರತೊಡಗಿದವು. ಕಾಡು ಅವರ ಆದಾಯದ ಮೂಲವೂ ಆಯಿತು.

ಈ ಸಹಕಾರಕ್ಕೆ ಕಠಿಣ ಪರೀಕ್ಷೆ ಬಂದಿದ್ದು 2016-18ರ ಹಳದಿ ಜ್ವರದ ಹಾವಳಿಯಲ್ಲಿ. ರೋಗ ಹರಡುವುದು ಸೊಳ್ಳೆ. ಕೋತಿಯೂ ಮನುಷ್ಯನಂತೆ ಅದರ ಬಲಿಪಶು. ಆದರೂ ಭಯಗೊಂಡ ಜನರು ದೇಶದ ಹಲವೆಡೆ ಕೋತಿಗಳನ್ನು ಕೊಂದರು. 2014ರಲ್ಲಿ ಸುಮಾರು 3,700 ಇದ್ದ ಈ ಹೊಂಬಣ್ಣದ ಕೋತಿಗಳ ಸಂಖ್ಯೆ 2,500ರ ಆಸುಪಾಸಿಗೆ ಕುಸಿಯಿತು. ಸಂಘವು ಹಿಂದೆಗೆಯಲಿಲ್ಲ. 2020ರಲ್ಲಿ ಹೆದ್ದಾರಿಯ ಮೇಲೆ ಗಿಡಮರಗಳ ಸೇತುವೆ ಸಿದ್ಧವಾಯಿತು. 2021ರಿಂದ ನೂರಾರು ಕಾಡುಕೋತಿಗಳಿಗೆ ಲಸಿಕೆ ನೀಡಲಾಯಿತು. 2023ರ ಗಣತಿಯಲ್ಲಿ ಅವುಗಳ ಸಂಖ್ಯೆ ಸುಮಾರು 4,800ಕ್ಕೆ ಏರಿತು.

ಈ ಸಂಖ್ಯೆಯ ಹಿಂದೆ ವಿಜ್ಞಾನಿಗಳ ಪರಿಶ್ರಮವಿರುವಂತೆ, ತಮ್ಮ ನೆಲದ ಒಂದು ಅಂಚನ್ನು ಕಾಡಿಗೆ ಬಿಟ್ಟುಕೊಟ್ಟ ರೈತರ ಔದಾರ್ಯವೂ ಇದೆ. ಅವರ ಮಕ್ಕಳೂ ಅದನ್ನು ಉಳಿಸಿಕೊಂಡರೆ ಮಾತ್ರ ಆ ಕೋತಿಗೆ ನಾಳೆಯುಂಟು.